ಸೌದೆ ಸೀಳಿದವರು



ಮರ ಕಡಿದವರ ಚರಿತ್ರೆಯನ್ನು ಅನೇಕರು ಬರೆದಿದ್ದಾರೆ. ಅರಣ್ಯ ಇಲಾಖೆಯ ವರದಿಗಳಿವೆ, ಕಂಟ್ರಾಕ್ಟರುಗಳ ಲೆಕ್ಕಗಳಿವೆ, ಪರಿಸರ ಚಳವಳಿಗಾರರ ಪುಸ್ತಕಗಳಿವೆ. ಆದರೆ ಕಡಿದ ಮರ ಹಾಗೆಯೇ ಒಲೆಯೊಳಗೆ ಹೋಗುವುದಿಲ್ಲ. ಅದನ್ನು ಯಾರಾದರೂ ತುಂಡು ಮಾಡಬೇಕು, ಸೀಳಬೇಕು, ಒಣಗಿಸಬೇಕು. ಈ ನಡುವಣ ಕೆಲಸದ ಬಗ್ಗೆ ನಮ್ಮ ಇತಿಹಾಸದ ಪುಸ್ತಕಗಳು ಒಂದು ಸಾಲನ್ನೂ ಖರ್ಚು ಮಾಡಿಲ್ಲ. ಬೆಂಗಳೂರಿನಂತಹ ನಗರವೊಂದು ಯಾವ ಮರವನ್ನು ಸುಟ್ಟಿತು, ಅದಕ್ಕಾಗಿ ಯಾವ ಊರಿನ ಹೊಲ ತೋಪಾಯಿತು ಎಂಬುದನ್ನು ಈ ಸೀಳುವ ಕೆಲಸವೂ ಬಹುಮಟ್ಟಿಗೆ ನಿರ್ಧರಿಸಿತೆಂದು ನನ್ನ ಅಭಿಪ್ರಾಯ.

ಸೀಳುವುದೇಕೆ? ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 540 ಕಿಲೋಕ್ಯಾಲೊರಿ ಶಾಖ ಬೇಕೆಂದು ನಿಮ್ಮ ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟಿರುತ್ತಾರೆ. ಆ ಶಾಖವೆಲ್ಲ ಅನ್ನ ಬೇಯಿಸುವುದಕ್ಕಲ್ಲ, ಹೊಗೆಗೆ ಹೋಗುತ್ತದೆ. ತೊಗಟೆಯಿರುವ ದುಂಡನೆಯ ದಿಮ್ಮಿ ತಿಂಗಳುಗಟ್ಟಲೆ ಒಣಗದು. ಅದನ್ನೇ ನಾಲ್ಕಾಗಿ ಸೀಳಿದರೆ ಒಳಮೈ ಗಾಳಿಗೆ ತೆರೆದುಕೊಂಡು ಬೇಗ ಒಣಗುತ್ತದೆ. ಮರದ ನಾರುಗಳು ಬುಡದಿಂದ ತುದಿಗೆ ಉದ್ದುದ್ದವಾಗಿ ಸಾಗುವುದರಿಂದ ಅಡ್ಡ ಕಡಿಯುವುದು ಕಷ್ಟ, ಉದ್ದಕ್ಕೆ ಸೀಳುವುದು ಸುಲಭ. ಕಡಿಯುವ ಕೊಡಲಿಯ ಬಾಯಿ ತೆಳ್ಳಗಿರಬೇಕು; ಸೀಳುವ ಕೊಡಲಿಯ ಕೆನ್ನೆ ದಪ್ಪಗಿರಬೇಕು. ಮೊದಲನೆಯದು ನಾರನ್ನು ಕತ್ತರಿಸುತ್ತದೆ, ಎರಡನೆಯದು ನಾರಿನ ನಡುವೆ ಹೊಕ್ಕು ಎರಡು ಪಕ್ಕಕ್ಕೂ ತಳ್ಳುತ್ತದೆ. ಈ ಎರಡನೆಯ ತತ್ತ್ವವೇ ಬೆಣೆ, ಹಳೆಗನ್ನಡದ ‘ಆಪು’.

ಪಂಚತಂತ್ರದ ಕೋತಿಯ ಕಥೆ ನಿಮಗೆ ನೆನಪಿರಬಹುದು. ಅರ್ಧ ಸೀಳಿದ ದಿಮ್ಮಿಯೊಳಗಿನ ಬೆಣೆಯನ್ನು ಕಿತ್ತು ತೆಗೆದು ಆ ಕೋತಿ ಪ್ರಾಣ ಕಳೆದುಕೊಂಡಿತು. ತನ್ನದಲ್ಲದ ಕೆಲಸಕ್ಕೆ ಕೈ ಹಾಕಬಾರದೆಂಬ ನೀತಿಯನ್ನು ನಾವು ತರಗತಿಯಲ್ಲಿ ಬರೆಸುತ್ತಿದ್ದೆವು. ಆದರೆ ಆ ಕಥೆ ಚರಿತ್ರೆಯ ದಾಖಲೆಯೂ ಹೌದು. ದೊಡ್ಡ ದಿಮ್ಮಿಯನ್ನು ಒಂದೇ ದಿನ ಮುಗಿಸಲಾಗದೆ, ಬಿರುಕು ಮುಚ್ಚಿಕೊಳ್ಳದಂತೆ ಬೆಣೆ ಜಡಿದು ಊಟಕ್ಕೆ ಹೋಗುವ ಬಡಗಿಗಳು ಅಂದಿಗೇ ಇದ್ದರು. ಅಮುಕಿ ಹಿಡಿದ ಮರದ ಬಲ ಎಷ್ಟೆಂಬುದು ಕಥೆ ಕಟ್ಟಿದವನಿಗೆ ತಿಳಿದಿತ್ತು. ನಮ್ಮ ಶರಣರಲ್ಲಿಯೂ ಹನ್ನೆರಡನೆಯ ಶತಮಾನದ ಮೋಳಿಗೆ ಮಾರಯ್ಯನವರ ಕಾಯಕ ಸೌದೆಯದೇ ಆಗಿತ್ತು. ಮೋಳಿಗೆ ಎಂದರೆ ಸೌದೆಯ ಹೊರೆ. ಕಾಶ್ಮೀರದ ಅರಸುತನವನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಹೊರೆ ಹೊತ್ತು ಮಾರಿದರೆಂದು ಐತಿಹ್ಯ. ಅವರು ಅರಸರಾಗಿದ್ದರೆಂಬುದನ್ನು ಎಲ್ಲರೂ ಹೇಳುತ್ತಾರೆ. ಆ ಹೊರೆಯನ್ನು ಸೀಳಲು ಎಷ್ಟು ಹೊತ್ತು ಹಿಡಿಯುತ್ತಿತ್ತೆಂದು ಯಾರೂ ಕೇಳುವುದಿಲ್ಲ!

ಇನ್ನು ನಮ್ಮ ಊರಿಗೆ ಬರೋಣ. 1809ರಲ್ಲಿ ದಂಡು ಪ್ರದೇಶ ಸ್ಥಾಪನೆಯಾದಾಗ ಶ್ರೀರಂಗಪಟ್ಟಣದಿಂದ ಬಂದ ಸೈನ್ಯದ ಜೊತೆಯಲ್ಲಿ ಸಾವಿರಾರು ಒಲೆಗಳೂ ಬಂದವು. 1864ರಲ್ಲಿ ಎರಡು ಘಟನೆಗಳು ಒಟ್ಟಿಗೆ ನಡೆದವು. ಮೈಸೂರಿನ ಅರಣ್ಯ ಇಲಾಖೆ ಪ್ರಾರಂಭವಾಯಿತು. ಜೋಲಾರಪೇಟೆಯಿಂದ ದಂಡಿನ ನಿಲ್ದಾಣಕ್ಕೆ ರೈಲು ಬಂತು. ಆಗಿನ ಮದರಾಸು ರೈಲ್ವೆಯ ಇಂಜಿನ್ನುಗಳು ಸೌದೆ ತಿನ್ನುತ್ತಿದ್ದವು. ಕೋಲಾರದ ಚಿನ್ನದ ಗಣಿಗಳಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬರುವವರೆಗೆ ಉಗಿಯಂತ್ರಗಳಿಗೆ ಕಲ್ಲಿದ್ದಲಿನ ಜೊತೆಗೆ ಸೌದೆಯೂ ಬೇಕಾಗಿತ್ತು. ರೈಲು, ಗಣಿ, ದಂಡು ಮೂರೂ ಬೆಂಗಳೂರಿನ ಪೂರ್ವ ದಿಕ್ಕಿನ ಬಯಲುಸೀಮೆಯ ಮೇಲೆಯೇ ಬಾಯಿ ತೆರೆದುಕೊಂಡು ಕುಳಿತಿದ್ದವು. ಅಲ್ಲಿದ್ದದ್ದು ಜಾಲಿ, ಹೊಂಗೆ, ಬೇವು, ಹುಣಸೆಗಳು ಮಾತ್ರ.

ಹುಣಸೆಯನ್ನು ಸೀಳಿ ನೋಡಿದವರಿಗೇ ಗೊತ್ತು ಅದರ ಕಷ್ಟ. ಅದರ ನಾರು ಹೆಣೆದುಕೊಂಡಿರುತ್ತದೆ; ಮಾಂಸದಂಗಡಿಯವರು ಕೊಚ್ಚುವ ಕೊರಡಿಗೆ ಹುಣಸೆಯನ್ನೇ ಆರಿಸುವುದು ಈ ಕಾರಣಕ್ಕೆ. ಆದ್ದರಿಂದ ಸರ್ವೆ ಮರ ಬಂದಾಗ ಬಯಲುಸೀಮೆ ಅದನ್ನು ಅಪ್ಪಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಸರ್ವೆ ಕೆಲವೇ ವರ್ಷಗಳಲ್ಲಿ ಕಡಿತಕ್ಕೆ ಬರುತ್ತದೆ, ನೇರವಾಗಿ ಬೆಳೆಯುತ್ತದೆ, ಸೊರಗಿದ ಮಣ್ಣಿನಲ್ಲಿಯೂ ತನ್ನ ಬೇರಿನ ಗಂಟುಗಳಿಂದ ಸಾರಜನಕ ಪಡೆಯುತ್ತದೆ, ಅರೆಹಸಿಯಾಗಿದ್ದರೂ ಉರಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಅದು ತೋಳಿನ ಗಾತ್ರಕ್ಕೇ ಕಟಾವಾಗುವುದರಿಂದ ಹೆಚ್ಚು ಸೀಳಬೇಕಾಗಿಲ್ಲ. ನೇರವಾದದ್ದು ಕಟ್ಟಡದ ಸಾರುವೆಗೆ, ಡೊಂಕಾದದ್ದು ಒಲೆಗೆ ಎಂಬುದು ವ್ಯಾಪಾರಿಗಳ ಲೆಕ್ಕವಾಗಿತ್ತು. ಕೂಲಿ ಉಳಿಯುವ ಮರವೇ ತೋಪಾಗಿ ಹಬ್ಬಿತು.

ಇಂದಿನ ಇಂದಿರಾನಗರ 1970ರ ದಶಕದಲ್ಲಿ ಬಡಾವಣೆಯಾಗುವ ಮೊದಲು ಇಲ್ಲಿ ಬಿನ್ನಮಂಗಲ, ದೊಮ್ಮಲೂರು, ತಿಪ್ಪಸಂದ್ರಗಳ ಹೊಲಗಳಿದ್ದವು. ಬಡಾವಣೆಯಾದ ಮೇಲೂ ಮೊದಲ ವರ್ಷಗಳಲ್ಲಿ ಬಹಳ ಮನೆಗಳ ಹಿತ್ತಲಲ್ಲಿ ಹಂಡೆ ಒಲೆಯಿತ್ತು. ಅಡುಗೆಗೆ ಸೀಮೆಎಣ್ಣೆ ಅಥವಾ ಗ್ಯಾಸು ಬಂದಿದ್ದರೂ ಸ್ನಾನದ ನೀರಿಗೆ ಸೌದೆಯೇ. ಸೌದೆಗೆ ನಾವು ಹಲಸೂರಿಗೆ ಹೋಗುತ್ತಿದ್ದೆವು. ಅಲ್ಲಿನ ಡಿಪೋದಲ್ಲಿ ಒಂದೇ ವಸ್ತುವಿಗೆ ನಾಲ್ಕು ಹೆಸರು: ನಮಗೆ ಸೌದೆ, ಪಕ್ಕದವರಿಗೆ ವಿರಗು, ಇನ್ನೊಬ್ಬರಿಗೆ ಕಟ್ಟೆಲು, ಶಿವಾಜಿನಗರದ ಕಡೆಯಿಂದ ಬಂದವರಿಗೆ ಲಕ್ಡಿ. ಮೂರು ಕಂಬಗಳ ಮೇಲೆ ತೂಗುಹಾಕಿದ ದೊಡ್ಡ ತಕ್ಕಡಿ. ಕಿಲೋ ಬಂದು ಎಷ್ಟೋ ವರ್ಷಗಳಾಗಿದ್ದರೂ ಹಿರಿಯರ ಬಾಯಲ್ಲಿ ಇನ್ನೂ ಮಣದ ಲೆಕ್ಕ. ನನ್ನ ತಾಯಿಯವರು ಒಂದು ಸೀಳನ್ನು ಎತ್ತಿಕೊಂಡು ಇನ್ನೊಂದಕ್ಕೆ ತಟ್ಟಿ ನೋಡುತ್ತಿದ್ದರು. ಟಣ್ಣೆಂದರೆ ಒಣಗಿದ್ದು, ದೊಪ್ಪೆಂದರೆ ಹಸಿ. “ಇವನ ಹತ್ತಿರ ನೀರನ್ನು ತೂಕ ಹಾಕಿಸಿಕೊಂಡು ಹೋಗಬೇಡ” ಎಂದು ನನಗೆ ಎಚ್ಚರಿಕೆ.

ಸೌದೆಯ ಬೆಲೆ ಬೇರೆ, ಒಡೆಯುವ ಕೂಲಿ ಬೇರೆ. ಇದು ಮುಖ್ಯವಾದ ವಿಷಯ. ಕೂಲಿ ಕೊಡಲಾಗದವರು ಇಡೀ ತುಂಡುಗಳನ್ನೇ ಕಡಿಮೆ ಬೆಲೆಗೆ ಕೊಂಡು, ಮನೆಯಲ್ಲಿ ಹೆಂಗಸರು, ಮಕ್ಕಳು ಮೊಂಡು ಮಚ್ಚಿನಿಂದ ಒಡೆದುಕೊಳ್ಳುತ್ತಿದ್ದರು. ಡಿಪೋದಲ್ಲಿ ಒಡೆಯುತ್ತಿದ್ದವರು ಹೆಚ್ಚಾಗಿ ತಮಿಳು, ತೆಲುಗು ಮಾತನಾಡುವವರು. ಅವರಲ್ಲಿ ಹಿರಿಯರೊಬ್ಬರ ಕೆಲಸವನ್ನು ನಾನು ನಿಂತು ನೋಡುತ್ತಿದ್ದೆ. ಅವರು ಮೊದಲು ತುಂಡಿನ ಕೊಯ್ದ ಮುಖವನ್ನು ನೋಡುತ್ತಿದ್ದರು. ಒಣಗುವಾಗ ಮರವೇ ತಾನು ಎಲ್ಲಿ ಸೀಳುತ್ತೇನೆಂದು ಕೂದಲೆಳೆಯ ಬಿರುಕಿನಲ್ಲಿ ತೋರಿಸಿರುತ್ತದೆ. ಗಂಟು ಇರುವ ಕಡೆಯನ್ನು ಕೆಳಗೆ ಮಾಡಿ ನಿಲ್ಲಿಸುತ್ತಿದ್ದರು. ದಪ್ಪ ದಿಮ್ಮಿಯಾದರೆ ನಡುವಿಗೆ ಹೊಡೆಯದೆ ಅಂಚಿನಿಂದ ಸುತ್ತಲೂ ಹೋಳು ಹೋಳಾಗಿ ಬಿಡಿಸುತ್ತಿದ್ದರು. ಮಣಿಯದಿದ್ದರೆ ಕಬ್ಬಿಣದ ಬೆಣೆ, ಸಮ್ಮಟಿಗೆ. ಕೊಡಲಿಯ ಕಾವಿಗೆ ತಡಸಲು ಅಥವಾ ದಿಂಡಿಗದ ಮರವಾದರೆ ಒಳ್ಳೆಯದು, ಹೊಡೆತದ ಅದುರನ್ನು ಅದು ನುಂಗುತ್ತದೆ, ಕೈಗೆ ಬಿಡುವುದಿಲ್ಲ. (“ಕೊಡಲಿ ಕಾವು ಕುಲಕ್ಕೆ ಸಾವು” ಎಂಬ ಗಾದೆಯಲ್ಲಿ ಕಾವನ್ನು ಬೈದವರು ಆ ಕೈಯನ್ನು ನೋಡಿರಲಿಲ್ಲವೇನೋ.) ಆ ಹಿರಿಯರ ಎಡಗಣ್ಣು ಕಾಣುತ್ತಿರಲಿಲ್ಲ. ಸಮ್ಮಟಿಗೆಯ ಏಟಿಗೆ ಬೆಣೆಯ ತಲೆ ಅಣಬೆಯಂತೆ ಅರಳುತ್ತದೆ. ಅದರ ಅಂಚಿನಿಂದ ಸಿಡಿದ ಚೂರು ಅದು. ಅರಳಿದ ಅಂಚನ್ನು ಆಗಾಗ ಉಜ್ಜಿ ತೆಗೆದಿದ್ದರೆ ಆ ಕಣ್ಣು ಉಳಿಯುತ್ತಿತ್ತು. ಆದರೆ ದಿನದ ಕೂಲಿ ಒಡೆದ ಸೌದೆಯ ತೂಕದ ಮೇಲೆ ಇರುವಾಗ ಬೆಣೆ ಉಜ್ಜುವ ಹೊತ್ತಿಗೆ ಯಾರು ಕೂಲಿ ಕೊಡುತ್ತಾರೆ?

1980ರ ದಶಕದ ಹೊತ್ತಿಗೆ ಡಿಪೋದ ರಾಶಿಯಲ್ಲಿ ನೀಲಗಿರಿ ಹೆಚ್ಚಾಯಿತು. ನಂದಿಬೆಟ್ಟದಲ್ಲಿ ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ ನೆಟ್ಟದ್ದೆಂದು ಹೇಳುವ ಆ ಮರ ಸಾಮಾಜಿಕ ಅರಣ್ಯ ಯೋಜನೆಯ ಹೆಸರಿನಲ್ಲಿ ಕೋಲಾರದ ರಾಗಿ ಹೊಲಗಳಿಗೆ ಇಳಿಯಿತು. 1981ರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್‌ನಿಂದ ಹೊರಬಂದ ಅಧ್ಯಯನವೊಂದು ಇದನ್ನು ಕಟುವಾಗಿ ಪ್ರಶ್ನಿಸಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತರು. ನೀರು, ರಾಗಿ, ರೈತಾಪಿ ಕೂಲಿ ಎಲ್ಲದರ ಮೇಲೂ ಚರ್ಚೆಯಾಯಿತು. ಸೀಳುವವರ ದೃಷ್ಟಿಯಿಂದ ನೋಡಿದರೆ ನೀಲಗಿರಿ ವಂಚಕ ಮರ. ಕಡಿದ ಹೊಸತರಲ್ಲಿ ಬಾಯಿ ಬಿಡುತ್ತದೆ. ಒಣಗಿದ ಮೇಲೆ ತಿರುಚಿದ ನಾರು ಕೊಡಲಿಯನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ನೇರವಾದ ಕಂಬಗಳು ತಿರುಳಿನ ಕಾರ್ಖಾನೆಗೆ ಹೋಗಿ, ಬುಡ, ಗಂಟು, ಕವಲುಗಳು ಡಿಪೋಗೆ ಬಂದರೆ ಕಷ್ಟ ಯಾರ ಪಾಲಿಗೆಂದು ಹೇಳಬೇಕಾಗಿಲ್ಲ. 2017ರಲ್ಲಿ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಅದೇ 1983ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿ ಮತ್ತು ಬಿ. ಸುಧಾಕರ ರೆಡ್ಡಿ ಅವರು ಬೆಂಗಳೂರಿನ ಸೌದೆಯನ್ನು ಕುರಿತು ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬರೆದರು. ಶ್ರೇಣೀಕೃತ ಸಮಾಜದಲ್ಲಿ ಇಂಧನ ಎಂಬುದು ಅದರ ಶೀರ್ಷಿಕೆಯ ಸಾರ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭಿಸಿದ ‘ಅಸ್ತ್ರ’ದಿಂದಲೇ ಅಸ್ತ್ರ ಒಲೆಯೂ ಬಂದದ್ದು. ಹೊಗೆಕೊಳವೆ, ಕೆಳಗೆ ಜಾಲರಿ, ಸಾಲಾಗಿ ಮೂರು ಪಾತ್ರೆ. ಹೊಗೆ ಹೊರಗೆ, ಸೌದೆಯಲ್ಲಿ ದೊಡ್ಡ ಉಳಿತಾಯ. ನಾನು ಆ ಒಲೆಯನ್ನು ಬಹಳವಾಗಿ ಮೆಚ್ಚಿದವನು, ಶಾಲೆಯ ವಸ್ತುಪ್ರದರ್ಶನದಲ್ಲಿ ಅದರ ಮಾದರಿಯನ್ನು ಮಕ್ಕಳಿಂದ ಮಾಡಿಸಿದ್ದೆ. ಆದರೆ ಸುಧಾರಿತ ಒಲೆಗಳಿಗೆಲ್ಲ ಒಂದು ಷರತ್ತಿದೆ. ಮೂರು ಕಲ್ಲಿನ ಒಲೆಗೆ ಉದ್ದನೆಯ ಕೊರಡನ್ನು ಇಟ್ಟು, ಉರಿದಂತೆ ಒಳಗೆ ನೂಕುತ್ತಾ ಹೋಗಬಹುದು. ಪುಟ್ಟ ಬಾಯಿಯ ಒಲೆಗೆ ಸಣ್ಣ ಸೀಳುಗಳೇ ಬೇಕು. ಉಳಿದ ಸೌದೆಯನ್ನು ವಿಜ್ಞಾನಿಗಳು ತೂಗಿದರು. ಹೆಚ್ಚಿದ ಕೊಡಲಿ ಏಟುಗಳನ್ನು ಹೆಂಗಸರು ಎಣಿಸಿಕೊಂಡರು. ಇಂತಹ ಒಲೆಗಳು ಕೆಲವು ಮನೆಗಳಲ್ಲಿ ಮೂಲೆ ಸೇರಿದ್ದಕ್ಕೆ ಇದೂ ಒಂದು ಕಾರಣ.

ಆಮೇಲಿನದು ನಿಮಗೆ ಗೊತ್ತೇ ಇದೆ. ಗ್ಯಾಸು ಬಂತು, ಗೀಸರು ಬಂತು, ಹಂಡೆಗಳು ತೂಕಕ್ಕೆ ಮಾರಾಟವಾದವು. ಈಗ ಇಂದಿರಾನಗರದಲ್ಲಿ ಸೌದೆ ಒಲೆಯ ಪಿಜ್ಜಾಕ್ಕೆ ಹೆಚ್ಚಿನ ಬೆಲೆ!

ಆದರೆ ಹಳ್ಳಿಗಳಲ್ಲಿ ಸೌದೆಯ ಕೆಲಸ ಮುಗಿದಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡು, ಹುಣಸೂರಿನ ಹೊಗೆಸೊಪ್ಪು, ಮಲೆನಾಡಿನ ಅಡಿಕೆ, ಇವಕ್ಕೆ ಇನ್ನೂ ಬೆಂಕಿ ಬೇಕು. ತೀರ್ಥಹಳ್ಳಿಯ ಕಡೆ ತೋಟ ನೋಡಿಕೊಂಡಿರುವ ಹಳೆಯ ವಿದ್ಯಾರ್ಥಿಯೊಬ್ಬರು ಒಡೆಯುವ ಆಳು ಸಿಗುತ್ತಿಲ್ಲವೆಂದು ಯಂತ್ರ ಕೊಳ್ಳಲು ಹೊರಟು, “ಮೇಷ್ಟ್ರೇ, ಯಾವುದು ಒಳ್ಳೆಯದು?” ಎಂದು ಕೇಳಿದ್ದಾರೆ. ಹತ್ತು ಟನ್ ಎಂದು ಬರೆದಿರುವುದನ್ನು ಕಂಡು ಅವರಿಗೆ ಬೆರಗು. ಇದು ಪಾಸ್ಕಲನ ನಿಯಮವೇ. ಎಂಟು ಸೆಂಟಿಮೀಟರ್ ವ್ಯಾಸದ ಕೊಂತಕ್ಕೆ ಸುಮಾರು 50 ಚದರ ಸೆಂಟಿಮೀಟರ್ ವಿಸ್ತೀರ್ಣ. ಎಣ್ಣೆಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 200 ಕಿಲೋ ಇದ್ದರೆ ಒಟ್ಟು ಹತ್ತು ಸಾವಿರ ಕಿಲೋ. ಬೆಣೆ ಅದೇ, ಸಮ್ಮಟಿಗೆಯ ಬದಲು ಎಣ್ಣೆ.

ಟನ್ನು ಹೆಚ್ಚಿದಷ್ಟೂ ಒಳ್ಳೆಯದೆಂದು ನಾನು ಹೇಳುವುದಿಲ್ಲ. ಮೊದಲು ಒಲೆಯ ಉದ್ದವನ್ನು ಅಳೆಯಬೇಕು. ಮನೆಬಳಕೆಯ ಸಣ್ಣ ವಿದ್ಯುತ್ ಯಂತ್ರಗಳು ಸಾಮಾನ್ಯವಾಗಿ ಅರ್ಧ ಮೀಟರಿನ ತುಂಡನ್ನಷ್ಟೇ ಹಿಡಿಯುತ್ತವೆ; ಅಡಿಕೆ ಬೇಯಿಸುವ ಒಲೆಗೆ ಅದಕ್ಕಿಂತ ಉದ್ದ ಬೇಕಾದರೆ ಆ ಯಂತ್ರ ನಿಷ್ಪ್ರಯೋಜಕ. ಎರಡನೆಯದಾಗಿ, ಹಳ್ಳಿಯ ಸಿಂಗಲ್ ಫೇಸ್ ಕರೆಂಟಿನಲ್ಲಿ ವೋಲ್ಟೇಜ್ ಕುಸಿದರೆ ಮೋಟಾರು ಮುಲುಗುತ್ತದೆ. ಟ್ರ್ಯಾಕ್ಟರ್ ಇದ್ದವರು ಅದರಿಂದಲೇ ನಡೆಯುವಂಥದ್ದನ್ನು ತೆಗೆದುಕೊಳ್ಳುವುದು ಮೇಲು. ಶಂಕುವಿನಾಕಾರದ ತಿರುಪು ಗಿರಗಿರನೆ ಸುತ್ತಿ ಮರದೊಳಗೆ ಹೊಕ್ಕು ಸೀಳುವ ಅಗ್ಗದ ಯಂತ್ರವೊಂದಿದೆ. ನೋಡಲು ಚೆನ್ನ, ವೇಗವೂ ಇದೆ. ಆದರೆ ಪಂಚೆ, ಸೀರೆಯ ಸೆರಗು, ಟವೆಲ್ಲು ಇವುಗಳ ನಾಡಿನಲ್ಲಿ ಅದು ಬೇಡವೇ ಬೇಡ. ಬಟ್ಟೆಯ ಒಂದು ತುದಿ ಸಿಕ್ಕಿದರೆ ಅದು ಮನುಷ್ಯನನ್ನೇ ಸುತ್ತಿಕೊಳ್ಳುತ್ತದೆ. ಎಣ್ಣೆಯ ಯಂತ್ರದಲ್ಲಿಯೂ ಎರಡು ಕೈಗಳಿಂದ ಹಿಡಿದರೆ ಮಾತ್ರ ಚಲಿಸುವಂಥದ್ದನ್ನೇ ಆರಿಸಬೇಕು. ಎರಡೂ ಕೈ ಹಿಡಿಕೆಯ ಮೇಲಿದ್ದರೆ ಬೆರಳು ಬೆಣೆಯ ಕೆಳಗೆ ಹೋಗಲಾರದು. ಕೆಲವರು ವೇಗಕ್ಕಾಗಿ ಒಂದು ಹಿಡಿಕೆಯನ್ನು ಹಗ್ಗದಿಂದ ಕಟ್ಟಿಬಿಡುತ್ತಾರೆ. ಆಳಿಗೆ ಹಾಗೆ ಮಾಡಲು ಬಿಡಕೂಡದು. ಒಂದು ಸೀಳಿಗೆ ಹತ್ತಿಪ್ಪತ್ತು ಸೆಕೆಂಡು ಹಿಡಿದರೆ ಹಿಡಿಯಲಿ. ತೂಕದ ಮೇಲೆ ಕೂಲಿ ಕೊಡದೆ ದಿನಗೂಲಿ ಕೊಟ್ಟರೆ ಆ ಅವಸರ ತಾನಾಗಿ ಕಡಿಮೆಯಾಗುತ್ತದೆ. ಕಣ್ಣಿಗೆ ಕನ್ನಡಕವನ್ನು ಯಂತ್ರದ ಜೊತೆಯಲ್ಲೇ ಕೊಳ್ಳಬೇಕು.

ಅಡಿಕೆ ಕೊಯ್ಲಿಗೆ ಇನ್ನೂ ತಿಂಗಳುಗಳಿರುವಾಗ, ಬೇಸಿಗೆಯಲ್ಲಿಯೇ, ಮರ ಹಸಿಯಾಗಿರುವಾಗಲೇ ಸೀಳಿ, ಮುಂಗಾರಿಗೆ ಮುಂಚೆ ಮಾಡಿನ ಕೆಳಗೆ ನೆಲದಿಂದ ಒಂದು ಗೇಣು ಎತ್ತರದಲ್ಲಿ ಒಟ್ಟಿಡಬೇಕು, ತೊಗಟೆಯ ಮೈ ಮೇಲಾಗಿ.