ಡಿಸ್ಟ್ರಿಬ್ಯೂಟರ್ ಬದಲಿಸಿದ ಮೇಲಿನ ಟೈಮಿಂಗ್ ದೋಷ: ನಾಸಿಕ್, ಛತ್ರಪತಿ ಸಂಭಾಜಿನಗರದ ಹಿನ್ನೆಲೆಯಲ್ಲಿ

ಪೆಟ್ರೋಲ್ ಎಂಜಿನ್ನಿನಲ್ಲಿ ಯಾವ ಸಿಲಿಂಡರಿಗೆ ಯಾವ ಕ್ಷಣದಲ್ಲಿ ಕಿಡಿ ಮುಟ್ಟಬೇಕೆಂಬುದನ್ನು ನಿರ್ಧರಿಸಿ ಹಂಚುವ ಭಾಗ ಡಿಸ್ಟ್ರಿಬ್ಯೂಟರ್. ಸವೆದದ್ದನ್ನು ತೆಗೆದು ಬೇರೊಂದನ್ನು ಕೂರಿಸಿದ ಮೇಲೆ ಗಾಡಿ ಸ್ಟಾರ್ಟ್ ಆಗದಿರಬಹುದು, ಸ್ಟಾರ್ಟ್ ಆದರೂ ಮಿಸ್ಸಿಂಗ್ ಹೊಡೆಯಬಹುದು, ಏರಿನಲ್ಲಿ ನಾಕಿಂಗ್ ಕೇಳಿಸಬಹುದು, ಪಿಕಪ್ ಸತ್ತುಹೋಗಬಹುದು. ಗ್ಯಾರೇಜಿನಲ್ಲಿ ಇವೆಲ್ಲಕ್ಕೂ ‘ಟೈಮಿಂಗ್ ಔಟ್’ ಎಂಬ ಒಂದೇ ಮಾತು. ಹಾಗೆಂದು ಬೋಲ್ಟ್ ಸಡಿಲಿಸಿ ಡಿಸ್ಟ್ರಿಬ್ಯೂಟರಿನ ಮೈಯನ್ನು ಅತ್ತಿತ್ತ ತಿರುಗಿಸುತ್ತ ಕೂತರೆ ಅರ್ಧ ದಿನ ಹೋಗುತ್ತದೆ. ಈ ದೋಷಗಳಲ್ಲಿ ಹೆಚ್ಚಿನವು ಡಿಗ್ರಿಯ ಲೆಕ್ಕ ತಪ್ಪಿದ್ದರಿಂದ ಬರುವುದಿಲ್ಲ, ಜೋಡಣೆ ತಪ್ಪಿದ್ದರಿಂದ ಬರುತ್ತವೆ.

ಹಿನ್ನೆಲೆ

ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ (2023ರವರೆಗೆ ಔರಂಗಾಬಾದ್) ಎರಡೂ ವಾಹನೋದ್ಯಮದ ಊರುಗಳು. ಬೆಂಗಳೂರಿನ ಆಡುಗೋಡಿಯಿಂದ ಕನ್ನಡಿಗರಿಗೆ ಚಿರಪರಿಚಿತವಾದ, 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿಗೆ (2008ರಿಂದ ಬಾಷ್ ಲಿಮಿಟೆಡ್) ನಾಸಿಕ್‌ನಲ್ಲೂ ದೊಡ್ಡ ಕಾರ್ಖಾನೆಯಿದೆ. ಅಲ್ಲಿಯೂ ಒಂದು ಮೈಕೋ ಸರ್ಕಲ್ ಇದೆ. ಆದರೆ ಬೆಂಗಳೂರಿನಲ್ಲಿ ಸ್ಪಾರ್ಕ್ ಪ್ಲಗ್ ತಯಾರಿಸಿದ ಕಂಪನಿ ನಾಸಿಕ್‌ನಲ್ಲಿ ಮಾಡಿದ್ದು ಡೀಸೆಲ್ ಎಂಜಿನ್ನಿನ ಇಂಜೆಕ್ಟರ್, ನಾಜಲ್‌ಗಳನ್ನು. ಮಹೀಂದ್ರದ ನಾಸಿಕ್ ಕಾರ್ಖಾನೆಯಿಂದ ಬಂದ ಬೊಲೆರೊ, ಸ್ಕಾರ್ಪಿಯೊಗಳಿಗೆ ಹೆಸರು ತಂದದ್ದೂ ಡೀಸೆಲ್ ಎಂಜಿನ್ನೇ. ಅತ್ತ ಸಂಭಾಜಿನಗರದ ವಾಳೂಜ್‌ನಲ್ಲಿ 1985ರಲ್ಲಿ ಶುರುವಾದ ಬಜಾಜ್ ಕಾರ್ಖಾನೆ ದ್ವಿಚಕ್ರ, ತ್ರಿಚಕ್ರ ವಾಹನಗಳದು; ಒಂದೇ ಸಿಲಿಂಡರಿನ ಎಂಜಿನ್ನಿಗೆ ಕಿಡಿ ಹಂಚುವ ಪ್ರಶ್ನೆಯೇ ಇಲ್ಲ. ಅದೇ ಊರಿನ ಶೇಂದ್ರಾದಲ್ಲಿ 2001ರಲ್ಲಿ ಸ್ಕೋಡಾ ಬರುವಷ್ಟರಲ್ಲಿ ಡಿಸ್ಟ್ರಿಬ್ಯೂಟರಿನ ಕಾಲ ಮುಗಿಯುತ್ತ ಬಂದಿತ್ತು.

ಹೀಗಾಗಿ ಈ ಊರುಗಳಲ್ಲಿ ಡಿಸ್ಟ್ರಿಬ್ಯೂಟರಿನ ವಿದ್ಯೆ ಉಳಿದದ್ದು ಕಾರ್ಖಾನೆಗಳಿಗಿಂತ ಹೆಚ್ಚಾಗಿ ರಸ್ತೆಬದಿಯ ಗ್ಯಾರೇಜುಗಳಲ್ಲಿ. ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ, ಉತ್ತರಪಾರಾದ ಅಂಬಾಸಡರ್, 1983ರ ನಂತರ ಮಾರುತಿ 800 ಅಲ್ಲಿನ ಮೆಕ್ಯಾನಿಕ್‌ಗಳ ಕೈಗೆ ಬಂದ ಗಾಡಿಗಳು. ಚೆನ್ನೈ ಹತ್ತಿರದ ಪಾಡಿಯಲ್ಲಿ 1961ರಲ್ಲಿ ಹುಟ್ಟಿದ ಲ್ಯೂಕಾಸ್-ಟಿವಿಎಸ್ ಕಂಪನಿಯ ಡಿಸ್ಟ್ರಿಬ್ಯೂಟರುಗಳು ದೇಶದ ತುಂಬ ಓಡಿದವು. ಮಾರುತಿ 800ಕ್ಕೆ 2000ದಲ್ಲಿ ಪೆಟ್ರೋಲ್ ಇಂಜೆಕ್ಷನ್ ಬಂದ ಮೇಲೆ ಡಿಸ್ಟ್ರಿಬ್ಯೂಟರ್ ಇರುವ ಕಾರ್ಬ್ಯುರೇಟರ್ ಗಾಡಿಗಳು ಹಿಂದೆ ಸರಿದವು. ಈಗ ಈ ರಿಪೇರಿಯ ಅಗತ್ಯ ಬೀಳುವುದು ಹೆಚ್ಚಾಗಿ ಹಳೆ ಕಾರು ಸಾಕುವವರಿಗೆ.

ಕಿಡಿಯ ಲೆಕ್ಕ

ಪಿಸ್ಟನ್ ಮೇಲ್ತುದಿ ಮುಟ್ಟುವ ಸ್ವಲ್ಪ ಮುಂಚೆಯೇ ಕಿಡಿ ಹಾರಬೇಕು, ಏಕೆಂದರೆ ಪೆಟ್ರೋಲ್-ಗಾಳಿಯ ಮಿಶ್ರಣ ಉರಿದು ಒತ್ತಡ ಏರಲು ಸಮಯ ಬೇಕು. ನಿಮಿಷಕ್ಕೆ 800 ಸುತ್ತಿನ ಐಡ್ಲಿಂಗ್‌ನಲ್ಲಿ ಒಂದು ಮಿಲಿಸೆಕೆಂಡಿಗೆ ಕ್ರ್ಯಾಂಕ್ ಸುಮಾರು 5 ಡಿಗ್ರಿ ತಿರುಗುತ್ತದೆ, 3000 ಸುತ್ತಿನಲ್ಲಿ 18 ಡಿಗ್ರಿ. ಆದ್ದರಿಂದ ವೇಗ ಹೆಚ್ಚಿದಂತೆ ಕಿಡಿ ಇನ್ನೂ ಮುಂಚಿತವಾಗಬೇಕು; ಆ ಕೆಲಸವನ್ನು ಒಳಗಿನ ತೂಕ ಮತ್ತು ಸ್ಪ್ರಿಂಗುಗಳು ಮಾಡುತ್ತವೆ. ಎಂಜಿನ್ ಮೇಲೆ ಭಾರ ಕಡಿಮೆಯಿದ್ದಾಗ ಬೇಕಾದ ಹೆಚ್ಚುವರಿ ಅಡ್ವಾನ್ಸನ್ನು ವ್ಯಾಕ್ಯೂಮ್ ಡಬ್ಬಿ ಕೊಡುತ್ತದೆ. ಡಿಸ್ಟ್ರಿಬ್ಯೂಟರ್ ಶಾಫ್ಟ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಮೈಯನ್ನು ಒಂದು ಡಿಗ್ರಿ ತಿರುಗಿಸಿದರೆ ಟೈಮಿಂಗ್ ಎರಡು ಡಿಗ್ರಿ ಸರಿಯುತ್ತದೆ ಎಂಬುದನ್ನು ಕೈಯಲ್ಲಿ ಸ್ಪ್ಯಾನರ್ ಹಿಡಿದವರು ಮರೆಯಬಾರದು.

ಸ್ಟಾರ್ಟೇ ಆಗದಿದ್ದರೆ

ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಪ್ಲಗ್ಗಿನಲ್ಲಿ ಕಿಡಿಯೂ ಇದೆ, ಆದರೆ ಎಂಜಿನ್ ಹಿಡಿಯುವುದಿಲ್ಲ, ಕಾರ್ಬ್ಯುರೇಟರಿನಿಂದ ಪಟ್ಟೆಂದು ಬೆಂಕಿ ಉಗುಳುತ್ತದೆ. ಮೊದಲು ಅನುಮಾನಿಸಬೇಕಾದ್ದು ಅರ್ಧ ಸುತ್ತಿನ ತಪ್ಪನ್ನು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಒಂದನೇ ಪಿಸ್ಟನ್ ಎರಡು ಸುತ್ತಿಗೆ ಎರಡು ಸಲ ಮೇಲೆ ಬರುತ್ತದೆ. ಒಮ್ಮೆ ಕಂಪ್ರೆಶನ್ನಿನ ಕೊನೆಗೆ, ಒಮ್ಮೆ ಹೊಗೆ ಹೊರದೂಡುವ ಕೊನೆಗೆ. ಕ್ರ್ಯಾಂಕ್ ಪುಲ್ಲಿಯ ಟೈಮಿಂಗ್ ಗುರುತು ಎರಡು ಸಲವೂ ಒಂದೇ ಕಡೆ ನಿಲ್ಲುತ್ತದೆ. ಗುರುತನ್ನಷ್ಟೇ ನಂಬಿ ಜೋಡಿಸಿದರೆ ಕಿಡಿ ಹೊಗೆಯ ಸ್ಟ್ರೋಕಿನಲ್ಲಿ ಹಾರಬಹುದು. ಟೆಸ್ಟ್ ಲ್ಯಾಂಪಾಗಲಿ ಟೈಮಿಂಗ್ ಲೈಟಾಗಲಿ ಈ ತಪ್ಪನ್ನು ಹಿಡಿಯಲಾರವು. ಅವಕ್ಕೆ ಎರಡೂ ಒಂದೇ. ಒಂದನೇ ಪ್ಲಗ್ ಬಿಚ್ಚಿ ತೂತಿಗೆ ಹೆಬ್ಬೆರಳು ಒತ್ತಿ, ಕೈಯಿಂದ ಎಂಜಿನ್ ತಿರುಗಿಸಿ, ಗಾಳಿ ಬೆರಳನ್ನು ತಳ್ಳುವಾಗ ಗುರುತು ಕೂಡಿಸುವುದು ಹಳೆಯ ಉಪಾಯ, ಇವತ್ತಿಗೂ ಅದಕ್ಕಿಂತ ಸುಲಭದ್ದಿಲ್ಲ. ಟ್ಯಾಪೆಟ್ ಕವರ್ ತೆಗೆದು ನೋಡಿದರೆ ಆಗ ಒಂದನೇ ಸಿಲಿಂಡರಿನ ಎರಡೂ ವಾಲ್ವ್ ಸಡಿಲವಾಗಿರಬೇಕು.

ಅಂಬಾಸಡರಿನ ಹಳೆಯ 1489 ಸಿಸಿ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರಿನ ಕೆಳತುದಿಯ ಹಲ್ಲು ನಡುಮಧ್ಯದಲ್ಲಿಲ್ಲ, ಸ್ವಲ್ಪ ಪಕ್ಕಕ್ಕಿದೆ. ಒಂದೇ ರೀತಿಯಲ್ಲಿ ಕೂರುತ್ತದೆ. ಅಲ್ಲಿ ಅರ್ಧ ಸುತ್ತಿನ ತಪ್ಪಾಗಬೇಕಾದರೆ ಯಾರೋ ಕೆಳಗಿನ ಡ್ರೈವ್ ಶಾಫ್ಟನ್ನೇ ಎತ್ತಿ ತಪ್ಪಾಗಿ ಇಳಿಸಿರಬೇಕು, ಇಲ್ಲವೇ ಪ್ಲಗ್ ವೈರುಗಳನ್ನು ತಪ್ಪು ಕಡೆಯಿಂದ ಎಣಿಸಿರಬೇಕು. ಓರೆ ಹಲ್ಲಿನ ಗೇರ್ ನೇರವಾಗಿ ಶಾಫ್ಟಿನಲ್ಲೇ ಇರುವ ಎಂಜಿನ್ನುಗಳಲ್ಲಿ ಕತೆ ಬೇರೆ. ಕೆಳಗಿಳಿಯುವಾಗ ರೋಟರ್ (ಕ್ಯಾಪಿನೊಳಗೆ ತಿರುಗಿ ಕಿಡಿ ಹಂಚುವ ತುಂಡು) ತಾನಾಗಿ ತಿರುಗುತ್ತದೆ. ಅಷ್ಟು ಲೆಕ್ಕ ಹಿಡಿದು ಹಿಂದಿನಿಂದ ಶುರು ಮಾಡಬೇಕು.

ಒಂದು ಹಲ್ಲು ತಪ್ಪಿದೆ ಎಂಬ ದೂರು ಗ್ಯಾರೇಜುಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ಕೇಳಿಬರುತ್ತದೆ. ಗೇರಿಗೆ 13 ಹಲ್ಲಿದ್ದರೆ ಒಂದು ಹಲ್ಲೆಂದರೆ ಡಿಸ್ಟ್ರಿಬ್ಯೂಟರಿನಲ್ಲಿ ಸುಮಾರು 28 ಡಿಗ್ರಿ, ಕ್ರ್ಯಾಂಕಿನಲ್ಲಿ 55. ದೊಡ್ಡ ತಪ್ಪೇ. ಆದರೂ ಮೈಯನ್ನು ಅಷ್ಟು ತಿರುಗಿಸಲು ಜಾಗವಿದ್ದರೆ ಎಂಜಿನ್ನಿಗೆ ಏನೂ ವ್ಯತ್ಯಾಸ ಗೊತ್ತಾಗದು, ಯಾಕೆಂದರೆ ಪಾಯಿಂಟೂ (ತೆರೆದಾಗ ಕಿಡಿ ಹುಟ್ಟಿಸುವ ಸ್ವಿಚ್ಚು) ವೈರುಗಳನ್ನು ಹಿಡಿದ ಕ್ಯಾಪೂ ಮೈಯೊಡನೆ ಒಟ್ಟಿಗೇ ತಿರುಗುತ್ತವೆ. ವ್ಯಾಕ್ಯೂಮ್ ಡಬ್ಬಿ ಎಂಜಿನ್ನಿಗೆ ತಾಗಿ ನಿಂತು, ಇನ್ನೂ ತಿರುಗಿಸಬೇಕೆನಿಸಿದರೆ ಮಾತ್ರ ಎತ್ತಿ ಹಲ್ಲು ಬದಲಿಸಬೇಕು.

ವೈರುಗಳ ಕ್ರಮ

ಅಂಬಾಸಡರಿನ ಫೈರಿಂಗ್ ಆರ್ಡರ್ 1-3-4-2. ಮೇಲಿನಿಂದ ನೋಡಿದರೆ ರೋಟರ್ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಅದನ್ನು ಮರೆತು ಮುಳ್ಳಿನ ದಿಕ್ಕಿನಲ್ಲಿ ವೈರು ಜೋಡಿಸಿದರೆ 1 ಮತ್ತು 4 ಎದುರುಬದುರಿರುವುದರಿಂದ ಸರಿಯಾಗಿಯೇ ಬೀಳುತ್ತವೆ, 2 ಮತ್ತು 3 ಅದಲುಬದಲಾಗುತ್ತವೆ. ಎಂಜಿನ್ ಎರಡೇ ಸಿಲಿಂಡರಿನಲ್ಲಿ ಕುಂಟುತ್ತ ಓಡುತ್ತದೆ, ಮೆಕ್ಯಾನಿಕ್ ಕಾರ್ಬ್ಯುರೇಟರ್ ಬಿಚ್ಚಲು ಕೂರುತ್ತಾನೆ. ಮಾರುತಿ 800ರ ಮೂರು ಸಿಲಿಂಡರಿನ ಕ್ರಮ 1-3-2; ಅಲ್ಲಿ ದಿಕ್ಕು ತಪ್ಪಿದರೆ ಸರಿಯಾಗಿ ಉಳಿಯುವುದು ಒಂದೇ ಸಿಲಿಂಡರ್. ಇದರ ಟೈಮಿಂಗ್ ಗುರುತು ಇರುವುದೂ ಪುಲ್ಲಿಯಲ್ಲಲ್ಲ. ಗೇರ್‌ಬಾಕ್ಸಿನ ಕಡೆ ರಬ್ಬರ್ ಬಿರಡೆ ತೆಗೆದರೆ ಫ್ಲೈವೀಲಿನ ಮೇಲೆ ಕಾಣುತ್ತದೆ.

ಪಾಯಿಂಟ್ ಮೊದಲು, ಟೈಮಿಂಗ್ ಆಮೇಲೆ

ಪಾಯಿಂಟಿನ ಗ್ಯಾಪ್ ಹೆಚ್ಚಾದರೆ ಅದು ಬೇಗ ತೆರೆದು ಟೈಮಿಂಗ್ ಮುಂದಾಗುತ್ತದೆ, ಕಡಿಮೆಯಾದರೆ ಹಿಂದಾಗುತ್ತದೆ. ಲ್ಯೂಕಾಸ್ 25ಡಿ4 ಮಾದರಿಗೆ ಗ್ಯಾಪ್ 0.35ರಿಂದ 0.40 ಮಿ.ಮೀ. ಫೀಲರ್ ಗೇಜಿನಿಂದ ಇದನ್ನು ಮುಗಿಸದೆ ಟೈಮಿಂಗ್ ಮುಟ್ಟಿದರೆ ಕೆಲಸ ಎರಡು ಸಲ ಆಗುತ್ತದೆ. ನಂತರ ಗುರುತನ್ನು ಕೈಪಿಡಿ ಹೇಳುವ ಡಿಗ್ರಿಗೆ ತಂದು, ಡಿಸ್ಟ್ರಿಬ್ಯೂಟರಿನ ಸಣ್ಣ ವೈರಿಗೂ ಎಂಜಿನ್ನಿನ ಮೈಗೂ ನಡುವೆ 12 ವೋಲ್ಟಿನ ಬಲ್ಬು ಹಾಕಿ, ಇಗ್ನಿಷನ್ ಆನ್ ಮಾಡಬೇಕು. ಪಾಯಿಂಟ್ ತೆರೆದ ಕ್ಷಣ ಬಲ್ಬು ಹತ್ತುತ್ತದೆ. ರೋಟರ್ ತಿರುಗುವ ದಿಕ್ಕಿಗೆ ಎದುರಾಗಿ ಮೈ ತಿರುಗಿಸಿದರೆ ಅಡ್ವಾನ್ಸ್, ಅದೇ ದಿಕ್ಕಿಗೆ ತಿರುಗಿಸಿದರೆ ರಿಟಾರ್ಡ್.

ಟೈಮಿಂಗ್ ಲೈಟ್ ಬಳಸುವವರು ವ್ಯಾಕ್ಯೂಮ್ ಪೈಪ್ ಕಳಚಿ ಅದರ ಬಾಯಿ ಮುಚ್ಚಬೇಕು. ಬೆಳಕಿನಲ್ಲಿ ಗುರುತು ಒಂದೆಡೆ ನಿಲ್ಲದೆ ಕುಣಿಯುತ್ತಿದ್ದರೆ ಶಾಫ್ಟಿನ ಬುಷ್ ಸವೆದಿರಬೇಕು. ಹೊಸ ಡಿಸ್ಟ್ರಿಬ್ಯೂಟರಿನಲ್ಲೂ ಕುಣಿದರೆ ಟೈಮಿಂಗ್ ಚೈನ್ ಸಡಿಲವಾಗಿರಬಹುದು. ಎಲೆಕ್ಟ್ರಾನಿಕ್ ಮಾದರಿಯಲ್ಲಿ ಪಿಕಪ್ ಕಾಯಿಲಿನ ಎರಡು ವೈರು ಅದಲುಬದಲಾದರೂ ಟೈಮಿಂಗ್ ಸರಿದು ಅಸ್ಥಿರವಾಗುತ್ತದೆ. ರಬ್ಬರ್ ಇರುವ ಕ್ರ್ಯಾಂಕ್ ಪುಲ್ಲಿಯ ಹೊರಬಳೆ ಜಾರಿದ್ದರೆ ಗುರುತೇ ಸುಳ್ಳು ಹೇಳುತ್ತದೆ. ಆಗ ಪ್ಲಗ್ ತೂತಿನಿಂದ ಪಿಸ್ಟನ್ನಿನ ಮೇಲ್ತುದಿಯನ್ನೇ ಅಳೆದು ಹೊಸ ಗುರುತು ಹಾಕಬೇಕು. ಕಂಡೆನ್ಸರ್ ಕೆಟ್ಟರೆ ಬರುವ ಮಿಸ್ಸಿಂಗ್ ಕೂಡ ಟೈಮಿಂಗ್ ದೋಷದಂತೆಯೇ ಕಾಣುತ್ತದೆ.

ಘಾಟಿನ ಪರೀಕ್ಷೆ

ಐಡ್ಲಿಂಗ್‌ನಲ್ಲಿ ಸರಿಯಿದ್ದು ರಸ್ತೆಯಲ್ಲಿ ಕೈಕೊಡುವ ಗಾಡಿಯಲ್ಲಿ ತಪ್ಪು ಸಾಮಾನ್ಯವಾಗಿ ಅಡ್ವಾನ್ಸ್ ವ್ಯವಸ್ಥೆಯದು. ಮುಂಬೈಯಿಂದ ನಾಸಿಕ್‌ಗೆ ಬರುವವರಿಗೆ ಇದನ್ನು ತೋರಿಸಿಕೊಡುವುದು ಕಸಾರಾ ಘಾಟ್. ಸಂಭಾಜಿನಗರದ ಕಡೆಯವರಿಗೆ ಕನ್ನಡ ಎಂಬ ತಾಲೂಕು ಕೇಂದ್ರವನ್ನು ದಾಟಿದ ಮೇಲೆ ಚಾಳೀಸ್‌ಗಾಂವ್ ಹಾದಿಯಲ್ಲಿ ಸಿಗುವ ಔಟ್ರಮ್ ಘಾಟ್. ಟಾಪ್ ಗೇರಿನಲ್ಲಿ ಏರುವಾಗ ಟಿಣಿಟಿಣಿ ಸದ್ದು ಬಂದರೆ, ಬಿಸಿ ಎಂಜಿನ್ ಸ್ಟಾರ್ಟ್ ಮಾಡುವಾಗ ಸೆಲ್ಫ್ ಒದ್ದುಕೊಂಡರೆ ಅಡ್ವಾನ್ಸ್ ಹೆಚ್ಚಾಗಿದೆ. ಗಾಡಿ ಎಳೆಯದೆ, ರೇಡಿಯೇಟರ್ ಕುದಿದು, ಸೈಲೆನ್ಸರ್ ಪಟಪಟ ಹೊಡೆದರೆ ಹಿಂದಾಗಿದೆ. ನಾಸಿಕ್ ಸುಮಾರು 600 ಮೀಟರ್ ಎತ್ತರದಲ್ಲಿದ್ದು ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಶೇ. 7ರಷ್ಟು ಕಡಿಮೆ. ಅಲ್ಲಿ ನಾಕಿಂಗ್ ಬರದಂತೆ ಅಂಚಿಗೆ ತಂದು ನಿಲ್ಲಿಸಿದ ಟೈಮಿಂಗ್ ಮುಂಬೈಯ ಸೆಕೆಯಲ್ಲಿ ಸದ್ದು ಮಾಡಬಹುದು. ಕಸಾರಾ ಘಾಟಿನ ಮೇಲಿನ ಇಗತ್‌ಪುರಿಯ ಮಳೆಗಾಲದಲ್ಲಿ ಮಾತ್ರ ಬರುವ ಮಿಸ್ಸಿಂಗಿಗೆ ಟೈಮಿಂಗ್ ಕಾರಣವಲ್ಲ; ಕ್ಯಾಪಿನ ಒಳಗೆ ತೇವವಿದೆಯೇ, ಕೂದಲೆಳೆಯಂಥ ಕರಿ ಗೆರೆಯಿದೆಯೇ ನೋಡಬೇಕು.

ಇನ್ನೊಂದು ತೊಡಕು ಪೆಟ್ರೋಲಿನದು. ಪದ್ಮಿನಿಯ ಕಾಲದ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ 87 ಇದ್ದರೆ ನಂತರ ಅದು 91ಕ್ಕೆ ಏರಿತು, ಈಗ ಶೇ. 20 ಎಥೆನಾಲ್ ಬೆರೆತಿದೆ; ಎರಡೂ ನಾಕಿಂಗನ್ನು ತಡೆಯುತ್ತವೆ. ಆದ್ದರಿಂದ ನಾಕಿಂಗ್ ಕೇಳಿಸದ ಮಾತ್ರಕ್ಕೆ ಟೈಮಿಂಗ್ ಸರಿಯಿದೆ ಎಂದು ತೀರ್ಮಾನಿಸುವಂತಿಲ್ಲ. ಕೈಪಿಡಿಯ ಡಿಗ್ರಿಯಿಂದ ಆರಂಭಿಸಿ, ರಸ್ತೆಯಲ್ಲಿ ಓಡಿಸಿ ನೋಡಿ, ಒಂದೆರಡು ಡಿಗ್ರಿಯೊಳಗೆ ತಿದ್ದುವುದು ಸುರಕ್ಷಿತ.

ನೋಡಲು ಒಂದೇ ತೆರನಾದ ಎರಡು ಲ್ಯೂಕಾಸ್ ಡಿಸ್ಟ್ರಿಬ್ಯೂಟರುಗಳ ಒಳಗೆ ಬೇರೆ ಬೇರೆ ಸ್ಪ್ರಿಂಗ್, ಬೇರೆ ಅಡ್ವಾನ್ಸ್ ಮಿತಿ ಇರಬಹುದು. ಅದನ್ನು ಗುರುತಿಸಲು ಮೈಮೇಲೆ ಒತ್ತಿದ ಸಂಖ್ಯೆಯೇ ಆಧಾರ. ಹಾಗಾಗಿ ಕಳಚುವ ಮುನ್ನ ರೋಟರಿನ ಮುಖ ಯಾವ ಕಡೆಗಿದೆಯೆಂದು ಬಣ್ಣದಿಂದ ಗುರುತು ಹಾಕಿ, ಹಳೆಯದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಹೊಸದು ಘಾಟ್ ಹತ್ತಿ ಇಳಿಯುವ ತನಕ ಹಳೆಯದನ್ನು ಗುಜರಿಗೆ ಹಾಕಬೇಡಿ.