ಚಿಪ್ಪಿನಲ್ಲಿ ಡ್ರಿಲ್ ಮಾಡಿದಂಥ ತೂತು: ಇದು ಯಾರ ಕೆಲಸ?

ಸಮುದ್ರ ತೀರದಲ್ಲಿ ಹೆಕ್ಕಿದ ಕೆಲವು ಕಪ್ಪೆಚಿಪ್ಪುಗಳಲ್ಲಿ ಯಂತ್ರದಿಂದ ಕೊರೆದಂತಹ ಸಣ್ಣ, ದುಂಡಗಿನ ತೂತು ಇರುತ್ತದೆ. ಸರ ಪೋಣಿಸಲು ಯಾರೋ ಮಾಡಿದ್ದು ಎಂದುಕೊಳ್ಳುವವರಿದ್ದಾರೆ. ಉಪ್ಪುನೀರು ತಿಂದುಹಾಕಿದ್ದು ಎನ್ನುವವರೂ ಇದ್ದಾರೆ. ಆದರೆ ಇಂಥ ಅಚ್ಚುಕಟ್ಟಾದ ತೂತು ಹೆಚ್ಚಿನ ಸಲ ಬೇಟೆಯ ಗುರುತು. ಬೇಟೆಗಾರ ಮಾಂಸಾಹಾರಿ ಸಮುದ್ರ ಬಸವನಹುಳು.

ಕೊರೆಯುವುದು ಹೇಗೆ?

ಬ್ರಿಟನ್‌ನ ಬಂಡೆ ತೀರಗಳಲ್ಲಿರುವ 'ಡಾಗ್ ವೆಲ್ಕ್' ಎಂಬ ಬಸವನಹುಳುವನ್ನೇ ನೋಡಿ. ಸುಮಾರು 3 ಸೆಂ.ಮೀ. ಉದ್ದದ ಇದು ಬಂಡೆಗೆ ಅಂಟಿಕೊಂಡಿರುವ ಪಚ್ಚಿಲೆಯ ಮೇಲೆ ಕೂರುತ್ತದೆ. ಪಾದದಲ್ಲಿರುವ ವಿಶೇಷ ಅಂಗದಿಂದ ರಾಸಾಯನಿಕ ದ್ರವ ಸುರಿಸಿ ಚಿಪ್ಪನ್ನು ಮೆದುವಾಗಿಸುತ್ತದೆ. ಆಮೇಲೆ ಅರದಂತಹ ಹಲ್ಲುಗಳಿರುವ ನಾಲಿಗೆಯಿಂದ ಅದನ್ನು ಕೆರೆಯುತ್ತದೆ. ಮತ್ತೆ ದ್ರವ, ಮತ್ತೆ ಕೆರೆತ. ಒಂದು ತೂತಿಗೆ ಒಂದೆರಡು ದಿನ ಹಿಡಿಯಬಹುದು. ಕೊನೆಗೆ ಸೊಂಡಿಲನ್ನು ಒಳಗೆ ತೂರಿಸಿ ಮಾಂಸವನ್ನು ಕರಗಿಸಿ ಹೀರುತ್ತದೆ.

ಪಚ್ಚಿಲೆಯೂ ಸುಮ್ಮನಿರುವುದಿಲ್ಲ. ಬಂಡೆಗೆ ಅಂಟಿಕೊಳ್ಳಲು ಬಳಸುವ ಗಟ್ಟಿ ಎಳೆಗಳನ್ನೇ ಬಸವನಹುಳುವಿಗೆ ಅಂಟಿಸಿ ಕಟ್ಟಿಹಾಕುತ್ತದೆ. ಹಾಗೆ ಸಿಕ್ಕಿಬಿದ್ದ ಬೇಟೆಗಾರ ಹಸಿವಿನಿಂದ ಸಾಯುವುದೂ ಉಂಟು.

ಡಾಗ್ ವೆಲ್ಕ್ ನಮ್ಮಲ್ಲಿಲ್ಲ. ಆದರೆ ಅದೇ ಕುಟುಂಬದ ಬಸವನಹುಳುಗಳು ಕರ್ನಾಟಕದ ಕರಾವಳಿಯ ಬಂಡೆಗಳಲ್ಲೂ ಇವೆ. ತೂತಿನ ಅಂಚು ಲಾಳಿಕೆಯಂತೆ ಇಳಿಜಾರಾಗಿದ್ದರೆ ಅದು ಮರಳಲ್ಲಿ ಬದುಕುವ 'ಮೂನ್ ಸ್ನೇಲ್' ಕೆಲಸವಿರಬಹುದು.

ಮನುಷ್ಯರಿಗೆ ಅಪಾಯವೇ?

ಚಿಪ್ಪು ಕೊರೆಯುವ ಈ ಬಸವನಹುಳುಗಳು ನಮ್ಮ ಮೈ ಕೊರೆಯುವುದಿಲ್ಲ. ಎಚ್ಚರ ಬೇಕಿರುವುದು ಬೇರೊಂದರ ಬಗ್ಗೆ: ಐಸ್‌ಕ್ರೀಮ್ ಕೋನ್ ಆಕಾರದ, ಚಿತ್ತಾರದ ಚಿಪ್ಪಿನ 'ಕೋನ್ ಸ್ನೇಲ್'. ಇವು ಭಾರತದ ಸಮುದ್ರಗಳಲ್ಲೂ ಇವೆ. ಕೊರೆಯುವ ಬದಲು ವಿಷದ ಮುಳ್ಳಿನಿಂದ ಚುಚ್ಚುತ್ತವೆ. ಕೆಲವು ಜಾತಿಗಳ ವಿಷದಿಂದ ಜನ ಸತ್ತಿದ್ದಾರೆ, ಇದಕ್ಕೆ ಪ್ರತಿವಿಷವಿಲ್ಲ. ಖಾಲಿ ಚಿಪ್ಪು ಅಪಾಯಕಾರಿಯಲ್ಲ. ಒಳಗೆ ಜೀವ ಇದೆಯೋ ಇಲ್ಲವೋ ಗೊತ್ತಾಗದಿದ್ದರೆ ಮುಟ್ಟಬೇಡಿ, ಜೇಬಿಗೆ ಹಾಕಿಕೊಳ್ಳಬೇಡಿ. ಚುಚ್ಚಿದರೆ ಮನೆಮದ್ದಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ. ವಿಷ ಉಸಿರಾಟವನ್ನೇ ನಿಲ್ಲಿಸಬಹುದು.

ನಮ್ಮಿಂದ ಅವಕ್ಕೆ?

1970ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಹೆಣ್ಣು ಡಾಗ್ ವೆಲ್ಕ್‌ಗಳಲ್ಲಿ ಗಂಡಿನ ಜನನಾಂಗ ಬೆಳೆದಿರುವುದು ವರದಿಯಾಯಿತು. ಹಡಗಿನ ತಳಕ್ಕೆ ಜೀವಿಗಳು ಅಂಟದಂತೆ ಬಳಿಯುವ ಬಣ್ಣದಲ್ಲಿದ್ದ ಟಿಬಿಟಿ ಎಂಬ ರಾಸಾಯನಿಕ ಇದಕ್ಕೆ ಕಾರಣ ಎಂದು ಮುಂದೆ ತಿಳಿಯಿತು. ಲೀಟರ್ ನೀರಿಗೆ ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಭಾಗದಷ್ಟಿದ್ದರೂ ಸಾಕು, ಈ ಬದಲಾವಣೆ ಶುರುವಾಗುತ್ತದೆ. ಅದು ಹೆಚ್ಚಾದಾಗ ಮೊಟ್ಟೆ ಹೊರಬರುವ ದಾರಿಯೇ ಮುಚ್ಚಿಹೋಗಿ, ಹಲವು ಕಡೆ ಡಾಗ್ ವೆಲ್ಕ್ ಕಣ್ಮರೆಯಾಯಿತು. ಬ್ರಿಟನ್ 1987ರಲ್ಲಿ ಸಣ್ಣ ದೋಣಿಗಳಿಗೆ ಈ ಬಣ್ಣ ಬಳಿಯುವುದನ್ನು ನಿಷೇಧಿಸಿತು. 2008ರಲ್ಲಿ ಅಂತರರಾಷ್ಟ್ರೀಯ ನಿಷೇಧ ಜಾರಿಗೆ ಬಂತು. ಆಮೇಲೆ ಅನೇಕ ಬಂಡೆಗಳಿಗೆ ಡಾಗ್ ವೆಲ್ಕ್ ಮರಳಿದೆ.

ಒಟ್ಟಿನಲ್ಲಿ: ತೂತಿರುವ ಚಿಪ್ಪನ್ನು ಧೈರ್ಯವಾಗಿ ಮನೆಗೆ ತನ್ನಿ. ಜೀವವಿರುವ ಚಿಪ್ಪನ್ನು ಅದರ ಪಾಡಿಗೆ ಬಿಡಿ.