ಲಾರಿ ಚಾಲಕರ ದುಡಿಮೆಯ ಅವಧಿ ಮತ್ತು ವಿದ್ಯುನ್ಮಾನ ದಾಖಲೆ

ಮಿರ್ಲೆ, ಕೆ.ಆರ್. ನಗರ ಸೀಮೆಯ ಭತ್ತ, ಹುಣಸೂರು ಮತ್ತು ಪಿರಿಯಾಪಟ್ಟಣದ ತಂಬಾಕು, ಎಚ್.ಡಿ. ಕೋಟೆಯ ಶುಂಠಿ ಇವೆಲ್ಲವೂ ಮಾರುಕಟ್ಟೆ ಸೇರುವುದು ಲಾರಿಗಳ ಮೂಲಕವೇ. ಸಂಜೆ ಲೋಡಾದ ಸರಕು ಬೆಳಗಾಗುವುದರೊಳಗೆ ಮಂಡಿಯಲ್ಲಿ ಇಳಿಯಬೇಕೆಂಬ ಅವಸರದಲ್ಲಿ ಮೊದಲು ಕಡಿತಗೊಳ್ಳುವುದು ಚಾಲಕನ ನಿದ್ದೆ. ಚಾಲಕ ಎಷ್ಟು ಗಂಟೆ ವಾಹನ ಓಡಿಸಿದನೆಂಬುದನ್ನು ಯಂತ್ರವೇ ದಾಖಲಿಸುವ ವ್ಯವಸ್ಥೆ ವಿದೇಶಗಳಲ್ಲಿ ಜಾರಿಯಲ್ಲಿದೆ. ಅದರ ಸ್ವರೂಪ, ಅದರ ಬಗ್ಗೆ ಚಾಲಕರ ನಿಲುವು ಹಾಗೂ ನಮ್ಮಲ್ಲಿನ ಸ್ಥಿತಿಗತಿಯನ್ನು ಇಲ್ಲಿ ವಿವರಿಸಲಾಗಿದೆ.

ಅಮೆರಿಕದ ಅನುಭವ

ಅಮೆರಿಕದಲ್ಲಿ ಸರಕು ಲಾರಿಯ ಚಾಲಕ ಸತತ 10 ಗಂಟೆಗಳ ವಿಶ್ರಾಂತಿಯ ನಂತರ, 14 ಗಂಟೆಗಳ ಅವಧಿಯೊಳಗೆ ಗರಿಷ್ಠ 11 ಗಂಟೆ ಮಾತ್ರ ವಾಹನ ಚಲಾಯಿಸಬಹುದು. ಈ ಲೆಕ್ಕವನ್ನು ಹಿಂದೆ ಚಾಲಕನೇ ಕಾಗದದ ಪುಸ್ತಕದಲ್ಲಿ ಬರೆಯುತ್ತಿದ್ದ. ಅದರಲ್ಲಿ ಸುಳ್ಳು ಬರೆಯುವುದು ಕಷ್ಟವೇನೂ ಆಗಿರಲಿಲ್ಲ. 2012ರ ಕಾನೂನಿನ ಆಧಾರದ ಮೇಲೆ 2015ರ ಡಿಸೆಂಬರ್‌ನಲ್ಲಿ ನಿಯಮ ಪ್ರಕಟವಾಗಿ, 2017ರ ಡಿಸೆಂಬರ್ 18ರಿಂದ ಎಂಜಿನ್‌ಗೆ ಜೋಡಿಸಿದ ವಿದ್ಯುನ್ಮಾನ ಉಪಕರಣ ಕಡ್ಡಾಯವಾಯಿತು. ಯುರೋಪಿನಲ್ಲಿ ಇದೇ ಬಗೆಯ ಡಿಜಿಟಲ್ ಟ್ಯಾಕೋಗ್ರಾಫ್ 2006ರಿಂದಲೇ ಹೊಸ ಲಾರಿಗಳಿಗೆ ಕಡ್ಡಾಯವಾಗಿದೆ.

ಅಮೆರಿಕದ ಸಣ್ಣ ಮಾಲೀಕ-ಚಾಲಕರ ಸಂಘಟನೆ ಈ ನಿಯಮವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿತಾದರೂ 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅರ್ಜಿಯನ್ನು ವಿಚಾರಣೆಗೆ ಸ್ವೀಕರಿಸಲಿಲ್ಲ. ಚಾಲಕರ ಆಕ್ಷೇಪ ಮುಖ್ಯವಾಗಿ ಮೂರು. ಒಂದು, ಸದಾ ನಿಗಾ ಇಡುವುದು ಖಾಸಗಿತನದ ಉಲ್ಲಂಘನೆ. ಎರಡು, ಗೋದಾಮಿನಲ್ಲಿ ಲೋಡಿಗಾಗಿ ಕಾಯುವಾಗಲೂ 14 ಗಂಟೆಗಳ ಗಡಿಯಾರ ಓಡುತ್ತಲೇ ಇರುತ್ತದೆ. ಕಾದದ್ದಕ್ಕೆ ಹಣವಿಲ್ಲ, ಓಡಿಸಲು ಸಮಯವೂ ಉಳಿಯುವುದಿಲ್ಲ. ಮೂರು, ಅವಧಿ ಮುಗಿದಾಗ ಲಾರಿ ನಿಲ್ಲಿಸಲು ಸುರಕ್ಷಿತ ಜಾಗ ಸಿಗುವುದಿಲ್ಲ. ಮತ್ತೊಂದು ವರ್ಗದ ಚಾಲಕರು ಇದನ್ನು ಸ್ವಾಗತಿಸಿದ್ದೂ ಉಂಟು. ‘ಇನ್ನೂ ಸ್ವಲ್ಪ ದೂರ ಓಡಿಸು’ ಎಂಬ ಮಾಲೀಕನಿಗೆ ತೋರಿಸಲು ಯಂತ್ರದ ದಾಖಲೆ ಸಾಕ್ಷಿಯಾಗುತ್ತದೆ ಎಂಬುದು ಅವರ ವಾದ.

ಫಲಿತಾಂಶವೂ ಮಿಶ್ರವಾಗಿದೆ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಅವಧಿ ಮೀರುವ ಪ್ರಕರಣಗಳು ತಗ್ಗಿದವು. ಆದರೆ ಅಪಘಾತಗಳು ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ. ಸಣ್ಣ ಸಂಸ್ಥೆಗಳ ಚಾಲಕರಲ್ಲಿ ಅತಿವೇಗದಂಥ ತಪ್ಪುಗಳು ಹೆಚ್ಚಿದವು. ಗಂಟೆಗಳು ಬಿಗಿಯಾದಾಗ ಅವಸರ ವೇಗದ ರೂಪ ತಾಳಿತೆಂದು ಇದರ ಅರ್ಥ.

ನಮ್ಮ ಕಾನೂನು

ಭಾರತದಲ್ಲಿ ಅವಧಿಯ ಮಿತಿ ಹೊಸದೇನಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿತ್ತು. ದೂರದ ಮಾರ್ಗಗಳಲ್ಲಿ ಅನುಮತಿ ಪಡೆದು ದಿನಕ್ಕೆ 10 ಗಂಟೆಯವರೆಗೆ ದುಡಿಸಲು ಅವಕಾಶವಿತ್ತು. 5 ಗಂಟೆ ದುಡಿದ ಮೇಲೆ ಅರ್ಧ ಗಂಟೆ ಬಿಡುವು, ಎರಡು ದಿನಗಳ ಕೆಲಸದ ನಡುವೆ ಸತತ 9 ಗಂಟೆಗಳ ವಿಶ್ರಾಂತಿ ಕೊಡಬೇಕಿತ್ತು. ಆದರೆ ಕಾಯ್ದೆ ಸಾಮಾನ್ಯವಾಗಿ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗಷ್ಟೇ ಅನ್ವಯಿಸುತ್ತಿತ್ತು. ಒಂದೆರಡು ಲಾರಿ ಇಟ್ಟುಕೊಂಡವರು ಹೊರಗುಳಿದರು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಈ ಕಾಯ್ದೆ ಅವುಗಳಲ್ಲಿ ವಿಲೀನವಾಯಿತು. ದಿನಕ್ಕೆ 8 ಗಂಟೆಗಳ ತತ್ವ ಮುಂದುವರಿದಿದೆ.

ಕಾನೂನಿಗೂ ರಸ್ತೆಯ ವಾಸ್ತವಕ್ಕೂ ಅಂತರ ದೊಡ್ಡದು. ಸೇವ್‌ಲೈಫ್ ಫೌಂಡೇಶನ್ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಲಾರಿ ಚಾಲಕರು ದಿನಕ್ಕೆ ಸರಾಸರಿ ಸುಮಾರು 12 ಗಂಟೆ ವಾಹನ ಓಡಿಸುತ್ತಾರೆ. ದಣಿವು ಅಥವಾ ನಿದ್ದೆ ಬಂದಾಗಲೂ ಓಡಿಸುವುದಾಗಿ ಸುಮಾರು ಅರ್ಧದಷ್ಟು ಮಂದಿ ಒಪ್ಪಿಕೊಂಡಿದ್ದರು. ವಿಮಾನ ಚಾಲಕರಂತೆ ಲಾರಿ ಚಾಲಕರಿಗೂ ನಿಗದಿತ ಅವಧಿ ಇರಬೇಕೆಂದು ಕೇಂದ್ರ ಸಚಿವ ನಿತಿನ್ ಗಡ್ಕರಿ 2021ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದರು. ಹೊಸ ಲಾರಿಗಳ ಕ್ಯಾಬಿನ್‌ಗೆ ಹವಾನಿಯಂತ್ರಣ 2025ರಲ್ಲಿ ಕಡ್ಡಾಯವಾಯಿತು. ಎಐಎಸ್ 140 ಮಾನದಂಡದ ಜಿಪಿಎಸ್ ಉಪಕರಣ ವಾಹನ ಎಲ್ಲಿದೆ, ಯಾವ ವೇಗದಲ್ಲಿದೆ ಎಂಬುದನ್ನು ತಿಳಿಸುತ್ತದೆ. ಸ್ಟಿಯರಿಂಗ್ ಹಿಡಿದವನು ಯಾರು, ಅವನು ಮಲಗಿದ್ದು ಯಾವಾಗ ಎಂಬುದನ್ನು ತಿಳಿಸುವುದಿಲ್ಲ.

ಕಾಡಿನ ಗೇಟು ಕಲಿಸುವ ಪಾಠ

ಈ ಭಾಗದ ಚಾಲಕರಿಗೆ ಕಡ್ಡಾಯ ನಿಲುಗಡೆಯ ಅನುಭವ ಬೇರೊಂದು ಬಗೆಯಲ್ಲಿದೆ. ಎಚ್.ಡಿ. ಕೋಟೆಯಿಂದ ನಾಗರಹೊಳೆ ಅರಣ್ಯದ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆ 2008ರಿಂದ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಬಂಡೀಪುರದ ಮಾರ್ಗಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಇವು ವನ್ಯಜೀವಿಗಳಿಗಾಗಿ ಮಾಡಿದ ನಿಯಮಗಳು. ಆದರೂ ಲಾರಿ ನಿಂತ ಮಾತ್ರಕ್ಕೆ ಚಾಲಕನಿಗೆ ವಿಶ್ರಾಂತಿ ದೊರೆಯುವುದಿಲ್ಲ ಎಂಬುದನ್ನು ಅವು ತೋರಿಸುತ್ತವೆ. ಮಲಗಲು ಜಾಗ, ಶೌಚಾಲಯ, ಸರಕಿಗೆ ಕಾವಲು ಇಲ್ಲದೆಡೆ ನಿಂತವನು ಅರೆನಿದ್ದೆಯಲ್ಲಿ ರಾತ್ರಿ ಕಳೆದು, ಗೇಟು ತೆರೆದೊಡನೆ ಹೋದ ಸಮಯವನ್ನು ತುಂಬಿಕೊಳ್ಳಲು ಹವಣಿಸುತ್ತಾನೆ. ಇಲ್ಲವೇ ಹುಣಸೂರು, ಗೋಣಿಕೊಪ್ಪ, ಕುಟ್ಟದ ಬಳಸು ದಾರಿ ಹಿಡಿಯುತ್ತಾನೆ.

ಮುಂದೇನು?

ಟ್ರಿಪ್ ಲೆಕ್ಕದಲ್ಲಿ ಸಂಬಳ ಪಡೆಯುವ ಚಾಲಕನಿಗೆ ಗಂಟೆಗಳ ಮಿತಿಯೆಂದರೆ ಮೊದಲು ಕಾಣುವುದು ಆದಾಯದ ಕಡಿತ. ಆದ್ದರಿಂದ ಯಂತ್ರವನ್ನು ಅಳವಡಿಸುವ ಮುನ್ನ ಕಾಯುವ ಹೊತ್ತಿಗೂ ಕೂಲಿ, ಹೆದ್ದಾರಿಗಳಲ್ಲಿ ಸುರಕ್ಷಿತ ತಂಗುದಾಣ, ದೂರದ ಲಾರಿಗೆ ಎರಡನೇ ಚಾಲಕ ಇವುಗಳ ಏರ್ಪಾಡು ಆಗಬೇಕು. ಕೃಷಿ ಸರಕಿನ ಪ್ರಶ್ನೆಯೂ ಇದೆ. ಅಮೆರಿಕದಲ್ಲಿ ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ಸರಕು ತುಂಬಿದ ಸ್ಥಳದಿಂದ ನೇರ ಅಳತೆಯಲ್ಲಿ ಸುಮಾರು 278 ಕಿ.ಮೀ. ಒಳಗೆ ಅವಧಿಯ ನಿಯಮಕ್ಕೆ ವಿನಾಯಿತಿ ಇದೆ. ಅದೇ ಅಳತೆ ಹಿಡಿದರೆ ಮಿರ್ಲೆಯಿಂದ ಬೆಂಗಳೂರಿಗೆ ಹೋಗುವ ಲೋಡು ನಿಯಮದಿಂದ ಹೊರಗುಳಿಯುತ್ತದೆ. ರೈತನಿಗೆ ಇದು ಅನುಕೂಲ. ಆದರೆ ರಾತ್ರಿಯಿಡೀ ಸ್ಟಿಯರಿಂಗ್ ಹಿಡಿದವನ ಕಣ್ಣಿಗೆ ವಿನಾಯಿತಿ ಇಲ್ಲ.

ದಾಖಲೆ ಯಾರ ಕೈಯಲ್ಲಿರುತ್ತದೆ ಎಂಬುದೇ ಕೊನೆಗೆ ನಿರ್ಣಾಯಕ. ಚಾಲಕನಿಗೆ ದಂಡ ಹಾಕಲಷ್ಟೇ ಬಳಕೆಯಾದರೆ ಅದು ಇನ್ನೊಂದು ಕಿರುಕುಳವೆನಿಸೀತು. ಹೆಚ್ಚು ದುಡಿಸಿದ ಮಾಲೀಕನನ್ನು, ಅಸಾಧ್ಯ ಗಡುವು ವಿಧಿಸಿದ ವ್ಯಾಪಾರಿಯನ್ನು ಪ್ರಶ್ನಿಸಲು ನೆರವಾದರೆ ಅದು ಚಾಲಕನ ಪಾಲಿಗೆ ರಕ್ಷಣೆಯಾಗುತ್ತದೆ.